ಬಸ್ಸಿಳಿದು ನಕಾಶೆ ಕಂಡ ದಾರಿಯಲ್ಲಿ

ಹುಬ್ಬಳ್ಳಿ ಕಡೆಯ ಗೆಳೆಯರಿಗೆ ‘ಅಗಡಿ ಕಡೆ ನಡಕೊಂತ ತಿರಗ್ಯಾಡಿ ಬರೂಣು’ ಎಂದರೆ ಅವರ ಕಣ್ಣಮುಂದೆ ಹೆದ್ದಾರಿ ಬದಿಯ ಅಗಡಿ ತೋಟ ಬಂದು ನಿಲ್ಲುತ್ತದೆ. ಅದು ಶಿಗ್ಗಾವಿ ತಾಲ್ಲೂಕಿನ ಪ್ರವಾಸಿ ತಾಣ. ಇಲ್ಲಿ ಹೇಳಹೊರಟಿರುವುದು ಹಾವೇರಿ ತಾಲ್ಲೂಕಿನ ಅಗಡಿ ಎಂಬ ಊರಿನ ಮಾತು. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಹಳ್ಳಿ ಬಸ್ಸುಗಳು ನಿಲ್ಲುವ ಕಡೆ ಹೋಗಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬೆಳಗಿನ ಹೊತ್ತು ಶಾಲೆ, ಕಾಲೇಜಿನ ಮಕ್ಕಳು, ಕಚೇರಿಗೆ ಹೋಗುವವರು, ಹಾಲಿನ ಕ್ಯಾನಿನವರು ಎಲ್ಲ ಹಾವೇರಿಯ ಕಡೆಗೆ ಬರುತ್ತಿರುತ್ತಾರೆ. ನಾವು ಅವರ ಎದುರು ದಿಕ್ಕಿಗೆ ಹೋಗುವವರು, ಹಾಗಾಗಿ ಕಿಟಕಿಯ ಪಕ್ಕದ ಸೀಟು ಸಿಗುತ್ತದೆ. ಊರ ಅಂಚಿನ ಮನೆಗಳು ಮುಗಿದವೋ ಇಲ್ಲವೋ, ಎರಡೂ ಕಡೆ ಎರಿ ಹೊಲ ತೆರೆದುಕೊಳ್ಳುತ್ತದೆ. ಗೋವಿನಜೋಳ, ಹತ್ತಿ, ಮೆಣಸಿನಗಿಡ, ಹಿಂಗಾರಿಯಲ್ಲಿ ಬಿಳಿಜೋಳ. ಅರ್ಧ ಗಂಟೆಯಾಗುವಷ್ಟರಲ್ಲಿ ಅಗಡಿ.

ಇಳಿದವರು ಮೊದಲು ಹೋಗುವುದು ಆನಂದವನಕ್ಕೆ. ಶೇಷಾಚಲ ಸದ್ಗುರುಗಳ ಆಶ್ರಮ ಅದು. ಪ್ರಭುಸ್ವಾಮಿ ಮಠ, ಅಕ್ಕಿಮಠಗಳೂ ಇದೇ ಊರಿನಲ್ಲಿವೆ. ಆದರೆ ಕನ್ನಡ ಓದುವ ಯಾರಿಗೇ ಆದರೂ ಆನಂದವನದ ಅಂಗಳದಲ್ಲಿ ನಿಂತಾಗ ನೆನಪಾಗಬೇಕಾದ ಇನ್ನೊಬ್ಬರಿದ್ದಾರೆ. ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ನಮ್ಮ ಗಳಗನಾಥರು. 1869ರಲ್ಲಿ ಇದೇ ಸೀಮೆಯ ಗಳಗನಾಥ ಎಂಬ ಹೊಳೆದಂಡೆಯ ಹಳ್ಳಿಯಲ್ಲಿ ಹುಟ್ಟಿ, ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ, 1898ರಲ್ಲಿ ‘ಪ್ರಬುದ್ಧ ಪದ್ಮನಯನೆ’ ಬರೆದು, ಮುಂದೆ ‘ಮಾಧವ ಕರುಣಾ ವಿಲಾಸ’ದಂಥ ದೊಡ್ಡ ಕಾದಂಬರಿ ಕೊಟ್ಟವರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆನಂದವನದ ಆಸರೆಯಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಬೆಳೆಸಿದವರು ಅವರೇ.

ಆ ಕಾಲದ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದು ಬಲ್ಲವರ ಮನೆಯಲ್ಲಿ ಮರಾಠಿಯ ಪುಸ್ತಕವೇ ಮೊದಲು ಬರುತ್ತಿತ್ತು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೂ ಬರೆದರು, ಅಚ್ಚು ಹಾಕಿಸಿದರು. ಅಚ್ಚಾದ ಪುಸ್ತಕ ಕೊಳ್ಳುವವರು ಅಂಗಡಿಗೆ ಬರಲಿ ಎಂದು ಕಾಯಲಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅದರಲ್ಲಿ ಬಹುಪಾಲು ಕಾಲ್ನಡಿಗೆಯ ದಾರಿ. ಕನ್ನಡ ಕಾದಂಬರಿಯ ಪಿತಾಮಹ ಎಂದು ಅವರನ್ನು ಸಭೆಗಳಲ್ಲಿ ನೆನೆಯುತ್ತೇವೆ. ಅವರು ನಡೆದ ದಾರಿಗಳು ಇನ್ನೂ ಇವೆಯೇ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಕೆಲವು ಇವೆ. ಅಗಡಿಯ ಬಸ್‌ಸ್ಟಾಪಿನಿಂದ ಹೊಲದ ಕಡೆ ತಿರುಗಿದರೆ ಸಾಕು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ತಾಲ್ಲೂಕುಗಳ ಕೂಡುನೆಲ ನಡೆಯುವವರಿಗೆ ಹೇಳಿಮಾಡಿಸಿದ ನೆಲ ಎಂದು ನಾನು ನಂಬಿದ್ದೇನೆ. ಏರಿಳಿತ ಕಡಿಮೆ. ಊರಿನಿಂದ ಊರಿಗೆ ದೂರ ಕಡಿಮೆ, ಒಂದು ಊರಿನ ಗುಡಿಯ ಶಿಖರ ಮರೆಯಾಗುವ ಮೊದಲೇ ಮುಂದಿನ ಊರಿನ ನೀರಿನ ಟಾಕಿ ಕಾಣುತ್ತದೆ. ಸಣ್ಣ ಊರಿಗೂ ದಿನಕ್ಕೆ ಒಂದೆರಡಾದರೂ ಬಸ್ಸಿದೆ. ಹಾಗಾಗಿ ಇಲ್ಲಿ ನಡೆಯುವ ಕ್ರಮವೇ ಬೇರೆ. ಬೈಕು, ಕಾರು ತಂದರೆ ಅದನ್ನು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ಬಸ್ಸಿನಲ್ಲಿ ಬಂದವರಿಗೆ ಆ ಕಟ್ಟಿಲ್ಲ. ಒಂದು ಊರಿನಲ್ಲಿ ಇಳಿದು, ಬಂಡಿದಾರಿ ಹಿಡಿದು, ಹಳ್ಳ ದಾಟಿ, ಮತ್ತೊಂದು ಊರಿನ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿ, ಅಲ್ಲಿಂದಲೇ ಬಸ್ಸು ಹತ್ತಬಹುದು. ಆರೇಳು ಕಿಲೋಮೀಟರಿನ ನಡಿಗೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನಿಲ್ಲ.

ದಾರಿ ಕೇಳಿದರೆ ಉತ್ತರಕ್ಕೆ ಕೊರತೆಯಿಲ್ಲ. ಹೊಲದ ಬದುವಿನ ಮೇಲೆ ಎತ್ತು ಕಟ್ಟುತ್ತಿದ್ದವರು ಮೊದಲು ‘ಯಾವೂರಾತ್ರೀ?’ ಎಂದು ಕೇಳುತ್ತಾರೆ, ಆಮೇಲೆ ‘ಬಸ್ಸೈತೆಲ್ರೀ, ನಡಕೊಂತ ಯಾಕ ಹೊಂಟೀರಿ?’ ಎಂದು ಮರುಗುತ್ತಾರೆ. ‘ಹಿಂಗ ನೋಡಾಕ ಬಂದೀವ್ರಿ ಯಜಮಾನ್ರ’ ಎಂದರೆ ಮುಖ ಅರಳುತ್ತದೆ. ‘ಹಂಗಾರ ಹಳ್ಳದ ದಂಡೀ ಹಿಡದು ಹೋಗ್ರಿ, ಮುಂದ ಒಂದು ಬನ್ನಿಗಿಡ ಸಿಗತೈತಿ, ಅಲ್ಲಿಂದ ಎಡಕ್ಕ ಹೊಳ್ರಿ.’ ಹೇಳುವುದಷ್ಟೇ ಅಲ್ಲ, ಕೆಲವರು ಆ ಬನ್ನಿಗಿಡದ ತನಕ ಜೊತೆಗೇ ಬರುತ್ತಾರೆ.

ಈಗ ದಾರಿಗಳ ಸಂಗತಿ. ಹೊಲದ ನಡುವಿನ ಈ ದಾರಿಗಳು ಯಾರೋ ಕೊಟ್ಟ ಔದಾರ್ಯ ಅಲ್ಲ. ಸರ್ಕಾರದ ಕಾಗದದಲ್ಲಿ ಇರುವಂಥವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮುಂಬಯಿ ಸರ್ಕಾರ ಧಾರವಾಡ ಕಲೆಕ್ಟರೇಟಿನ ನೆಲವನ್ನು ಅಳೆಸಿತು. ಜಾರ್ಜ್ ವಿಂಗೇಟ್ ಆ ಮೋಜಣಿಯ ದೊಡ್ಡ ಹೆಸರು. 33 ಅಡಿಯ ಸರಪಳಿ ಹಿಡಿದು, ಒಂದೊಂದು ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಗಡಿಗೆ ಕಲ್ಲು ನೆಟ್ಟು, ಊರಿಗೊಂದು ನಕಾಶೆ ಬರೆಯುವ ಪದ್ಧತಿ ಅಲ್ಲಿಂದ ನಿಂತಿತು. ನಮ್ಮ ಗುಂಟೆಯ ಲೆಕ್ಕವೂ ಆ ಸರಪಳಿಯದೇ: ಉದ್ದ ಅಗಲ ಒಂದೊಂದು ಸರಪಳಿಯಾದರೆ ಒಂದು ಗುಂಟೆ, ಅಂಥ 40 ಗುಂಟೆ ಕೂಡಿದರೆ ಎಕರೆ. ಗ್ರಾಮ ನಕಾಶೆಯಲ್ಲಿ ಹೊಲದ ಗಡಿಗಳ ನಡುವೆ ಚುಕ್ಕಿ ಚುಕ್ಕಿಯ ಗೆರೆಗಳು ಓಡಿರುತ್ತವೆ. ಒಂಟಿ ಚುಕ್ಕಿಗೆರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಬಂಡಿದಾರಿ. ತಹಶೀಲ್ದಾರ್ ಕಚೇರಿಯಲ್ಲಿ, ಭೂಮಾಪಕರ ಬಾಯಲ್ಲಿ ಇವುಗಳಿಗೆ ‘ನಕಾಶೆ ಕಂಡ ದಾರಿ’ ಎಂದು ಹೆಸರು. ಈ ನಕಾಶೆಗಳನ್ನು ಈಗ ಕಂದಾಯ ಇಲಾಖೆಯ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಗೊತ್ತಾಗುತ್ತದೆ. ಎರಡನ್ನೂ ಜೊತೆಗಿಟ್ಟುಕೊಂಡು ನಡೆದರೆ ನೂರು ವರ್ಷ ಹಿಂದಿನ ದಾರಿ ಯಾವುದು, ಈಚೆಗೆ ಆದದ್ದು ಯಾವುದು ಎಂಬುದು ಬಿಡಿಸಿಕೊಳ್ಳುತ್ತ ಹೋಗುತ್ತದೆ.

ಬಿಡಿಸಿಕೊಳ್ಳುವಾಗ ಮನಸ್ಸಿಗೆ ನೋವೂ ಆಗುತ್ತದೆ. ಚುಕ್ಕಿಗೆರೆ ತೋರಿಸುವಲ್ಲಿ ಅನೇಕ ಕಡೆ ದಾರಿಯೇ ಇಲ್ಲ. ರಂಟೆ ಹೊಡೆಯುವ ಕಾಲದಲ್ಲಿ ಎತ್ತು ದಾರಿಯ ಅಂಚಿಗೆ ಬಂದು ತಿರುಗುತ್ತಿತ್ತು, ಬಂಡಿಯ ಗಾಲಿಗೆ ಬೇಕಾದಷ್ಟು ಜಾಗ ಉಳಿಯುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ವರ್ಷಕ್ಕೆ ಒಂದು ಸಾಲು ಆಚೆಗೆ, ಒಂದು ಸಾಲು ಈಚೆಗೆ ಸರಿದು ಬಂಡಿದಾರಿ ಕಾಲುದಾರಿಯಾಯಿತು, ಕಾಲುದಾರಿ ಬದುವಾಯಿತು. ಮಗ್ಗುಲ ಊರಿಗೆ ಹೋಗುವವರು ಬೈಕಿನಲ್ಲಿ ಡಾಂಬರು ರಸ್ತೆ ಸುತ್ತಿ ಹೋಗುತ್ತಾರೆ. ನಡೆಯುವವರೇ ಇಲ್ಲದ ದಾರಿಯನ್ನು ಉತ್ತರೆ ಕೇಳುವವರು ಯಾರು? ದಾರಿಯ ತಕರಾರು ಏಳುವುದು ಸುಗ್ಗಿಯಲ್ಲಿ, ಹಿಂದಿನ ಹೊಲದವರ ಗೋವಿನಜೋಳದ ಟ್ರ್ಯಾಲಿ ಹೊರಬರಲು ಜಾಗ ಇಲ್ಲದಾಗ. ಆಗ ಅರ್ಜಿ, ಮೋಜಣಿ, ಅಣ್ಣತಮ್ಮಂದಿರ ನಡುವೆ ಮಾತು ಬಿಡುವುದು, ಎಲ್ಲ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಈ ವಿಷಯಕ್ಕೆ ದೊಡ್ಡ ಹೋರಾಟವೇ ನಡೆದಿದೆ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸೀಮೆಯ ನೂರಾರು ಕೆಲಸಗಾರರು ಜಮೀನ್ದಾರರು ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ ಬೇಕೆಂದೇ ನಡೆದು ಹೋದರು, ಅವರಲ್ಲಿ ಕೆಲವರು ಜೈಲಿಗೂ ಹೋದರು. 1949ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, ಊರೂರಿನ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸಿತು. 1990ರ ಕಾನೂನಂತೂ ಇನ್ನೂ ನಿಚ್ಚಳ. ಹೊಲದ ನಡುವೆ ಹಾಯ್ದ ಕಾಲುದಾರಿಯನ್ನು ರೈತ ಬಿತ್ತನೆಗಾಗಿ ಉತ್ತರೆ 14 ದಿನದೊಳಗೆ ಅದನ್ನು ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಹೀಗಾಗಿ ಹಳೆಯ ಹಳ್ಳಿಯೊಂದರಲ್ಲಿ ಬಸ್ಸಿಳಿದ ಪರ ಊರಿನವನೂ ಯಾರ ಅಪ್ಪಣೆಯೂ ಇಲ್ಲದೆ ಗೋಧಿ ಹೊಲದ ನಡುವೆ ನಡೆದು ಮುಂದಿನ ಊರು ಸೇರುತ್ತಾನೆ. ನಮ್ಮಲ್ಲಿಯೂ 1882ರಷ್ಟು ಹಿಂದೆಯೇ ದಾರಿಯ ಹಕ್ಕಿನ ಕಾಯ್ದೆ ಬಂದಿದೆ, ನಕಾಶೆ ಇದೆ, ನಕಾಶೆ ಕಂಡ ದಾರಿ ಮುಚ್ಚಿದರೆ ತೆರೆಸುವ ಅಧಿಕಾರಿ ಇದ್ದಾರೆ. ಆದರೂ ನಾವು ದಾರಿಯನ್ನು ಹೊಲದ ಮಾಲು ಸಾಗಿಸುವ ವಸ್ತುವೆಂದಷ್ಟೇ ಎಣಿಸಿದ್ದೇವೆ. ನಡೆಯುವುದು ಎಂಬುದೂ ಒಂದು ಹಕ್ಕು ಎಂದು ಕೇಳಿದವರು ಕಡಿಮೆ. ನಡೆದು ನಡೆದೇ ಹೆಸರಾದವರ ನೆಲದಲ್ಲಿ ಹೀಗಾಗಬಾರದಿತ್ತು.

ಅಂಥವರಲ್ಲಿ ಒಬ್ಬರ ಊರು ಮೋಟೆಬೆನ್ನೂರು. ಬ್ಯಾಡಗಿ ತಾಲ್ಲೂಕಿನ ಈ ಊರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಇದೆ. ಹಾವೇರಿಯಿಂದಲೂ ರಾಣೆಬೆನ್ನೂರಿನಿಂದಲೂ ಬಸ್ಸುಗಳು ಹಾಯುತ್ತವೆ, ಬ್ಯಾಡಗಿಗೆ ಹೋಗುವವರು ಇಲ್ಲೇ ತಿರುಗಿಕೊಳ್ಳುತ್ತಾರೆ. 1911ರ ಜೂನ್ 8ರಂದು ಇಲ್ಲಿ ಹುಟ್ಟಿದ ಹುಡುಗ ಮೈಲಾರ ಮಹದೇವಪ್ಪ. ಖಾದಿಯ ಹುಚ್ಚು ಹತ್ತಿ ಸಾಬರಮತಿ ಆಶ್ರಮ ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟಾಗ ಅವರ ಹಿಂದೆ ಸಾಲಾಗಿ ನಡೆದ 78 ಮಂದಿಯಲ್ಲಿ ಕರ್ನಾಟಕದಿಂದ ಹೋದವರು ಇವರೊಬ್ಬರೇ. ವಯಸ್ಸು ಇನ್ನೂ ಹದಿನೆಂಟು. 24 ದಿನ, ಸುಮಾರು 385 ಕಿಲೋಮೀಟರು. ಊರಿಗೆ ಬಂದ ಮೇಲೆ ಹೆಂಡತಿ ಸಿದ್ದಮ್ಮನವರನ್ನೂ ಸಾಬರಮತಿಗೆ ಕರೆದೊಯ್ದರು, ಆಕೆಯೂ ಸತ್ಯಾಗ್ರಹ ಮಾಡಿ ಜೈಲು ಕಂಡರು. ವರದಾ ಹೊಳೆಯ ಸೀಮೆಯ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ, ಹಳ್ಳಿ ಹಳ್ಳಿ ತಿರುಗಿ, 1942ರ ಚಳವಳಿಯಲ್ಲಿ ಭೂಗತರಾಗಿ ಕೆಲಸ ಮಾಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ರೈತರಿಂದ ವಸೂಲು ಮಾಡಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಮಹದೇವಪ್ಪನವರ ಹೆಸರಿದೆ. ಹೊಸರಿತ್ತಿಗೆ ಹಾವೇರಿಯಿಂದ ಬಸ್ಸಿದೆ. ಅಲ್ಲಿ ಇಳಿದು ವರದೆಯ ಕಡೆ ನಡೆದರೆ ದಂಡೆಯ ಜಾಲಿ, ಹೊಂಗೆಯ ಸಾಲು, ಆಚೆ ಕಬ್ಬು, ಈಚೆ ಗೋವಿನಜೋಳ. ಈ ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಬರಬೇಕು. ದಂಡಿಯ ನಡಿಗೆ ಗುಜರಾತಿನದೆಂದು ಪಾಠದಲ್ಲಿ ಓದುವ ಮಕ್ಕಳಿಗೆ ಅದರಲ್ಲಿ ನಮ್ಮ ಹೆದ್ದಾರಿ ಬದಿಯ ಊರಿನ ಹುಡುಗನ ಪಾದವೂ ಇತ್ತೆಂದು ಈ ನೆಲದ ಮೇಲೆಯೇ ಹೇಳಬೇಕು.

ಮೋಟೆಬೆನ್ನೂರಿನಿಂದ ಬ್ಯಾಡಗಿಯ ತನಕ ನಡೆಯುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಹೊಲದ ದಾರಿಗಿಂತ ಇದು ವಾಹನಗಳ ದಾರಿ, ಆದರೆ ನೋಡದೇ ಬಿಡುವಂಥದ್ದಲ್ಲ. ಮೆಣಸಿನಕಾಯಿ ಒಣಹಾಕಿದ ಕಣಗಳು, ಶೀತಲಗೃಹಗಳು, ಚೀಲ ತುಂಬಿದ ಲಾರಿಗಳು. ಸೋಮವಾರ, ಗುರುವಾರದ ವ್ಯಾಪಾರಕ್ಕೆ ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಸುಕ್ಕುಸುಕ್ಕಿನ ಕಡ್ಡಿ, ಗುಂಡಗಿನ ಡಬ್ಬಿ ಇವೆರಡು ಬಗೆ. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನೇ ಎಣ್ಣೆಯಾಗಿ ತೆಗೆದು ತಿಂಡಿಗೂ ತುಟಿಬಣ್ಣಕ್ಕೂ ಬಳಸುತ್ತಾರೆ. ತೊಟ್ಟು ಬಿಡಿಸುವ ಕೆಲಸ ಹೆಂಗಸರದು. ಬೆಳಗಿನ ಬಸ್ಸಿನಲ್ಲಿ ಸುತ್ತಲಿನ ಹಳ್ಳಿಗಳಿಂದ ಬಂದು, ಮೂಗಿಗೆ ಸೆರಗು ಕಟ್ಟಿಕೊಂಡು ಕೂರುವ ಅವರ ಕೈಬೆರಳು ಸಂಜೆಯ ಹೊತ್ತಿಗೆ ಉರಿಯುತ್ತಿರುತ್ತದೆ. ಬಣ್ಣದ ಗುಡ್ಡೆಯ ಫೋಟೊ ತೆಗೆಯುವ ಮೊದಲು ಅವರ ಹತ್ತಿರ ಎರಡು ಮಾತಾಡಬೇಕು.

ಬ್ಯಾಡಗಿಯಿಂದ ಕಾಗಿನೆಲೆಗೆ ಬಸ್ಸು ಸುಲಭ. ಬಾಡದಲ್ಲಿ ಹುಟ್ಟಿದ ಕನಕದಾಸರು ನೆಲೆನಿಂತ ಊರು. ಆದಿಕೇಶವನ ಗುಡಿ, ಕನಕರ ಗದ್ದುಗೆ, ದೊಡ್ಡ ಕೆರೆ. ಈಗ ಅಭಿವೃದ್ಧಿ ಪ್ರಾಧಿಕಾರ ಬಂದು ಉದ್ಯಾನ, ಮಂಟಪ ಎಲ್ಲ ಆಗಿದೆ. ಜನ ಅವುಗಳನ್ನು ನೋಡಿ ಹೊರಟುಬಿಡುತ್ತಾರೆ. ನನಗೆ ಇಷ್ಟವಾದದ್ದು ಕೆರೆಯ ಏರಿಯ ಮೇಲಿನ ನಡಿಗೆ. ಉಡುಪಿಯ ತನಕ, ತಿರುಪತಿಯ ತನಕ ಹೋಗಿ ಬಂದ ದಾಸರು ಮರಳಿ ಬಂದದ್ದು ಈ ನೀರಿನ ಅಂಚಿಗೆ. ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ನ್ಯಾಯ ಹಚ್ಚಿ ಬಡವರ ಧಾನ್ಯವನ್ನು ಗೆಲ್ಲಿಸಿದವರು ಅವರು. ಒಣಬೇಸಾಯದ ಹೊಲಗಳ ನಡುವೆ ನಿಂತಾಗ ಆ ತೀರ್ಪಿನ ತೂಕ ಇನ್ನಷ್ಟು ತಿಳಿಯುತ್ತದೆ.

ಬ್ಯಾಡಗಿ ತಾಲ್ಲೂಕಿನದೇ ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ಕಡೆಯ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರು ಹನುಮಪ್ಪಗಳನ್ನು ಒಂದೇ ದಿನ ಹೊತ್ತು ಮುಳುಗುವುದರೊಳಗೆ ನೋಡಬೇಕೆಂಬ ನಂಬಿಕೆ ಇದೆ. ಶ್ರಾವಣದ ಶನಿವಾರ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲವಾದ ಮೇಲೆ ಈ ದಾರಿಯಲ್ಲಿ ಅವರ ಗುಂಪುಗಳೇ ಹೆಚ್ಚು. ಗಂಡಸರ ಜೇಬಿನ ಕಡೆ ನೋಡದೆ, ನೆರೆಹೊರೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಈ ಯೋಜನೆಯ ಲೆಕ್ಕಾಚಾರದ ಬಗ್ಗೆ ಯಾರು ಏನೇ ಹೇಳಲಿ, ನಮ್ಮ ಹಳ್ಳಿಯ ಹೆಂಗಸರು ತಮ್ಮ ಜಿಲ್ಲೆಯನ್ನು ತಾವೇ ನೋಡತೊಡಗಿದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಇನ್ನು ಹೊಳೆಯ ದಾರಿ. ಒಂದೇ ಒಂದು ದಿನ ಬಿಡುವಿರುವವರು ಈ ದಾರಿಯನ್ನೇ ಆರಿಸಿಕೊಳ್ಳಲಿ. ಹಾವೇರಿಯಿಂದ ಗುತ್ತಲಕ್ಕೆ ಬಸ್ಸು ಧಾರಾಳ. ಗುತ್ತಲ ಹಿಂದೆ ಗುತ್ತವೊಳಲು. ಉಜ್ಜಯಿನಿಯ ಗುಪ್ತರ ಕುಲದವರು ತಾವೆಂದು ಹೇಳಿಕೊಂಡ ಗುತ್ತರಸರು ಇಲ್ಲಿಂದ ಆಳಿದರು. ಅಲ್ಲಿಂದ ತುಂಗಭದ್ರೆಯ ದಂಡೆಗೆ ಹೋದರೆ ಚೌಡದಾನಪುರದ ಮುಕ್ತೇಶ್ವರ. ಕಲ್ಯಾಣ ಚಾಲುಕ್ಯರ ಕಾಲದ ಕೆಲಸಗಾರಿಕೆ, ಒಂದೇ ಗರ್ಭಗುಡಿ, ಒಂದೇ ಶಿಖರ, ಅಳತೆಯಲ್ಲಿ ಸಣ್ಣದು. ಕಂಬದಿಂದ ಶಿಖರದ ತನಕ ಎಲ್ಲೂ ಉಳಿ ಸುಮ್ಮನೆ ಕೂತಿಲ್ಲ. ಅಂಗಳದ ಶಾಸನಕಲ್ಲುಗಳಲ್ಲಿ ಗುತ್ತರಸರ ಸಂಗತಿಗಳೂ, 1225ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಶಿವದೇವ ಎಂಬ ಶರಣನ ಸಂಗತಿಯೂ ಹಳಗನ್ನಡದ ಪದ್ಯಗಳಲ್ಲಿ ಕೆತ್ತಿವೆ. ಕನ್ನಡತಿ ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ, ಫ್ರೆಂಚ್ ವಿದ್ವಾಂಸ ಪಿಯೆರ್ ಫಿಲಿಯೋಜಾ ಈ ಒಂದು ಗುಡಿಯ ಮೇಲೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆ. ನಮ್ಮ ಜಿಲ್ಲೆಯ ಎಷ್ಟೋ ಜನ ಈ ಗುಡಿಯನ್ನು ಇನ್ನೂ ನೋಡಿಲ್ಲ.

ಗುಡಿಯ ಬೆನ್ನಿಗೆ ಹೊಳೆ. ಹೊಳೆಯಲ್ಲಿ ಅಂಬಿಗರ ಚೌಡಯ್ಯನವರ ಗದ್ದುಗೆ. ಹನ್ನೆರಡನೆಯ ಶತಮಾನದ ಈ ವಚನಕಾರರು ದೋಣಿ ನಡೆಸುತ್ತಿದ್ದವರು, ಮುಲಾಜಿಲ್ಲದ ಮಾತಿನವರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಗದ್ದುಗೆಗೆ ನೀರು ಸುತ್ತುತ್ತದೆ. ಬೇಸಿಗೆಯಲ್ಲಿ ಕಲ್ಲು ಮರಳಿನ ನಡುವೆ ಹತ್ತಿರ ಹೋಗಿ ನೋಡಬಹುದು. ಸಮೀಪದ ನರಸೀಪುರದಲ್ಲಿ ಅವರ ಹೆಸರಿನ ಗುರುಪೀಠ ಇದೆ. ಇದೇ ದಂಡೆಯ ಹರಳಹಳ್ಳಿಯಲ್ಲಿ ಸೋಮೇಶ್ವರನ ತ್ರಿಕೂಟ ಗುಡಿ. ಹೊಳೆಯನ್ನು ಬಲಕ್ಕಿಟ್ಟುಕೊಂಡು ಕೆಳಗೆ ಕೆಳಗೆ ನಡೆಯುವಾಗ ಮೀನುಗಾರರ ತೆಪ್ಪ, ಪಂಪ್‌ಸೆಟ್ಟಿನ ಪೈಪು, ಬಟ್ಟೆ ಒಗೆಯುವ ಕಲ್ಲುಗಳು ಸಿಗುತ್ತವೆ. ಮರಳು ತೆಗೆದ ಗುಂಡಿಗಳೂ ಸಿಗುತ್ತವೆ. ತುಂಗಭದ್ರೆಯ ಈ ಭಾಗ ಮರಳಿನ ಆಸೆಗೆ ಬಹಳ ಸೋತಿದೆ. ದಂಡೆ ಕುಸಿದ ಕಡೆ ಹಳೆಯ ಕಾಲುದಾರಿ ನೀರಿಗೆ ಹೋಗಿದೆ. ಗುಂಡಿಯ ಆಳ ಮೇಲಿನಿಂದ ತಿಳಿಯುವುದಿಲ್ಲ, ಆದ್ದರಿಂದ ಈಜು ಬಂದರೂ ಇಲ್ಲಿ ಹೊಳೆಗೆ ಇಳಿಯಬಾರದು.

ಬಸ್ಸಿನಲ್ಲಿ ಮತ್ತಷ್ಟು ದೂರ ಹೋದರೆ ವರದಾ ತುಂಗಭದ್ರೆಯನ್ನು ಕೂಡುವ ಗಳಗನಾಥ. ಗಳಗೇಶ್ವರನ ಗುಡಿ ಹನ್ನೊಂದನೆಯ ಶತಮಾನದ್ದು. ಅದರ ಬುಡವನ್ನು ನೋಡಿ ಮೊದಲ ಸಲ ಬಂದವರು ಬೆರಗಾಗುತ್ತಾರೆ. ಗರ್ಭಗುಡಿಯ ಗೋಡೆಯ ಸುತ್ತ ಕಲ್ಲಿನ ಅಡುಕುಗಳು ಇಳಿಜಾರಾಗಿ ಹಬ್ಬಿ ಪಿರಮಿಡ್ಡಿನಂಥ ಆಕಾರ ಬಂದಿದೆ. ಎರಡು ಹೊಳೆ ಕೂಡುವ ಜಾಗದಲ್ಲಿ ಪ್ರವಾಹಕ್ಕೆ ಬುಡ ಅಲುಗದಿರಲೆಂದು ಕೊಟ್ಟ ಆಧಾರ ಅದು ಎನ್ನುತ್ತಾರೆ. ಅಷ್ಟು ನೂರು ವರ್ಷ ಅದು ನಿಂತಿದೆ. ಗಳಗನಾಥ ಮಾಸ್ತರರು ಹುಡುಗರಾಗಿ ಆಡಿದ ಅಂಗಳ ಇದು. ಇಲ್ಲಿಂದ ಅಗಡಿಗೆ, ಅಗಡಿಯಿಂದ ಹಾವೇರಿಗೆ, ಅಲ್ಲಿಂದ ಕನ್ನಡ ನಾಡಿನ ಊರೂರಿಗೆ. ಸಂಗಮದ ಹತ್ತಿರ ನಿಂತು ಆ ದೂರವನ್ನು ಮನಸ್ಸಿನಲ್ಲೇ ಅಳೆದರೆ ‘ಮಾಧವ ಕರುಣಾ ವಿಲಾಸ’ದ ಒಂದು ಪ್ರತಿಗೆ ಇದ್ದ ಬೆಲೆ ಏನೆಂದು ಅರ್ಥವಾಗುತ್ತದೆ.

ಇದೇ ಸೀಮೆಯಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವವರ ಇನ್ನೊಂದು ಪ್ರವಾಹ ಕಾಣುತ್ತದೆ. ತುಂಗಭದ್ರೆಯ ಆಚೆ ದಂಡೆಯ ಮೈಲಾರಕ್ಕೆ ಕಾರ್ಣಿಕ ಕೇಳಲು ಹೊರಟವರು. ಚಕ್ಕಡಿ ಕಟ್ಟಿಕೊಂಡು, ಟ್ರ್ಯಾಕ್ಟರಿನಲ್ಲಿ, ಬರಿಗಾಲಿನಲ್ಲಿ, ಕರಿಯ ಕಂಬಳಿಯ ಗೊರವಪ್ಪಗಳ ಡಮರುಗದ ಹಿಂದೆ. ಬಿಲ್ಲನ್ನೇರಿದ ಗೊರವಪ್ಪ ಆಡುವ ಒಂದು ಮಾತಿನಲ್ಲಿ ರೈತರು ವರ್ಷದ ಮಳೆಬೆಳೆಯನ್ನು ಹುಡುಕುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರ್ಣಿಕ ದಸರೆಯ ಹೊತ್ತಿಗೆ. ಆ ದಿನಗಳನ್ನು ಬಿಟ್ಟು ಹೋದರೆ ಗುಡ್ಡ ಖಾಲಿ, ಬೆಳಗ್ಗೆ ಮೇಲೆ ಹತ್ತಿದವರಿಗೆ ಸುತ್ತಲಿನ ಹೊಲಗಳ ಪೂರ್ತಿ ಪಟ ಕಾಣುತ್ತದೆ.

ರಾಣೆಬೆನ್ನೂರಿಗೆ ಹೋದವರು ಕೃಷ್ಣಮೃಗ ಧಾಮವನ್ನು ಕೇಳುತ್ತಾರೆ. ನಮ್ಮ ಕಡೆ ಅವು ಚಿಗರಿ. ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ಸಿಗೂ ಅದೇ ಹೆಸರಿಟ್ಟಿದ್ದಾರೆ. 1974ರಲ್ಲಿ ಘೋಷಣೆಯಾದ ಈ ಧಾಮ 119 ಚದರ ಕಿಲೋಮೀಟರಿನದು. ಕುರುಚಲು ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟದ್ದು ದೊಡ್ಡ ಹಾನಿ ಮಾಡಿತು ಎಂದೇ ನನ್ನ ಅಭಿಪ್ರಾಯ. ಎರಭೂತ ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಬೇಕಾದ ಬಯಲು ಹಾಗೆ ಮುಚ್ಚಿಹೋಯಿತು. ಒಂದು ಕಾಲದಲ್ಲಿ ಆ ಹಕ್ಕಿಯಿಂದಲೇ ಹೆಸರಾಗಿದ್ದ ಜಾಗ ಇದು. ಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ, ಇಡಲೂಬಾರದು. ಆದರೆ ಅಂಚಿನ ಹಳ್ಳಿಗಳ ರಸ್ತೆಯಲ್ಲಿ ಬೆಳಗಿನ ಹೊತ್ತು ನಡೆದರೆ ಚಿಗರಿಗಳೇ ಹೊಲಕ್ಕೆ ಬಂದಿರುತ್ತವೆ. ನೋಡುವ ನಮಗೆ ಹಿಗ್ಗು, ಬಿತ್ತಿದವರಿಗೆ ನಷ್ಟ. ಆ ಮಾತನ್ನೂ ಕೇಳಿಸಿಕೊಂಡು ಬರಬೇಕು.

ಹಾವೇರಿ ಊರನ್ನೂ ಬಿಟ್ಟು ಹೋಗಬೇಡಿ. ಬಸ್ಸಿನ ಹೊತ್ತಿಗೆ ಇನ್ನೂ ಸಮಯವಿದ್ದರೆ ಪುರದ ಸಿದ್ಧೇಶ್ವರನ ಗುಡಿಗೆ ನಡೆದೇ ಹೋಗಬಹುದು. ಚಾಲುಕ್ಯರ ಗುಡಿಗಳಲ್ಲಿ ಅಪರೂಪವಾಗಿ ಇದು ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆಯ ಬಿಸಿಲು ನೇರ ಒಳಗೆ ಬೀಳುತ್ತದೆ. ಊರ ಮಗ್ಗುಲಿನ ಹೆಗ್ಗೇರಿ ಕೆರೆಯ ಏರಿ ಚಳಿಗಾಲದಲ್ಲಿ ಹಕ್ಕಿ ನೋಡುವವರಿಗೆ.

ನಡೆಯಲು ಕಾಲ ಯಾವುದು ಎಂದರೆ ಶೀಗಿ ಹುಣ್ಣಿಮೆಯಿಂದ ಶಿವರಾತ್ರಿಯ ತನಕ. ಅದಕ್ಕೂ ಮೊದಲು ಎರಿ ಮಣ್ಣು ಬೂಟಿಗೆ ಮೆತ್ತಿ ಹೆಜ್ಜೆಗೆ ಒಂದು ಸೇರು ಭಾರ. ಆಮೇಲೆ ಬಿಸಿಲು. ಶೀಗಿ ಹುಣ್ಣಿಮೆಯ ದಿನವೇ ಹೊರಟರೆ ಪುಣ್ಯ ಮಾಡಿದಂತೆ. ಅವತ್ತು ರೈತರ ಮನೆಯವರೆಲ್ಲ ಹೊಲಕ್ಕೆ ಬಂದು, ಬನ್ನಿಯ ಬುಡದಲ್ಲಿ ಪೂಜೆ ಮಾಡಿ, ಚರಗ ಚೆಲ್ಲಿ, ಬೆಳೆಯ ನಡುವೆಯೇ ಊಟಕ್ಕೆ ಕೂರುತ್ತಾರೆ. ಹಾಯ್ದು ಹೋಗುವವರನ್ನು ‘ಉಣ್ಣ ಬರ್ರೀ’ ಎಂದು ಕರೆಯದ ಹೊಲ ಇಲ್ಲ. ಜೋಳದ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹುರಕ್ಕಿ ಹೋಳಿಗೆ. ಬೇರೆ ದಿನಗಳಲ್ಲಿ ಬುತ್ತಿ, ನೀರು ನಿಮ್ಮದೇ ಇರಲಿ. ಹತ್ತಿ, ಮೆಣಸಿನಗಿಡಕ್ಕೆ ಔಷಧ ಹೊಡೆಯುತ್ತಿರುವ ಹೊಲವನ್ನು ಸುತ್ತಿ ಹೋಗಿ. ಹಂದಿ ಬರದಂತೆ ಕಟ್ಟಿದ ತಂತಿಯಲ್ಲಿ ಕರೆಂಟು ಇರಬಹುದು, ಮುಟ್ಟಬೇಡಿ. ಬೆಳೆಯ ಒಳಗೆ ಹೆಜ್ಜೆ ಇಡಬೇಡಿ. ಬಸ್ಸು ಇಳಿಯುವಾಗಲೇ ಕಂಡಕ್ಟರರನ್ನು ಕೇಳಿ, ವಾಪಸ್ ಬಸ್ಸು ಎಷ್ಟೊತ್ತಿಗೆ, ಅದು ಬರದಿದ್ದರೆ ಮುಂದಿನದು ಯಾವುದು ಎಂದು. ರಾತ್ರಿ ಊರಿನಲ್ಲಿ ತಂಗಿ ಬೆಳಗ್ಗೆ ಹೊರಡುವ ವಸ್ತಿ ಬಸ್ಸು ಇರುವ ಊರಿನಲ್ಲಾದರೆ ಬೆಳಗಿನ ಮೊದಲ ಬಸ್ಸಿನ ಚಿಂತೆ ಇರುವುದಿಲ್ಲ.

ಆಗಬೇಕಾದ ಕೆಲಸಗಳಿಗೆ ದೊಡ್ಡ ಹಣ ಬೇಕಿಲ್ಲ. ಉದ್ಯೋಗ ಖಾತ್ರಿಯಲ್ಲಿ ಹೊಲಗಳಿಗೆ ದಾರಿ ಮಾಡಿಕೊಟ್ಟ ಪಂಚಾಯಿತಿಗಳು ಎಷ್ಟೋ ಇವೆ. ಅದೇ ಕೂಲಿಯಲ್ಲಿ ಎರಡು ಊರು ಕೂಡಿಸುವ ಒಂದು ಹಳೆಯ ಬಂಡಿದಾರಿಯ ಜಾಲಿ ಕಡಿಸಿ, ಹಳ್ಳ ದಾಟುವಲ್ಲಿ ನಾಲ್ಕು ಕಲ್ಲು ಹಾಸಿಸಬಹುದು. ಗ್ರಾಮ ಸಭೆಗೆ ಊರಿನ ನಕಾಶೆ ತಂದು ಬಿಚ್ಚಿ ಹರಡಿದರೆ ಹಿರಿಯರು ಬೆರಳಿಟ್ಟು ತೋರಿಸುತ್ತಾರೆ, ‘ಇದು ಸಂತಿ ದಾರಿ, ಇದು ಗುಡಿ ದಾರಿ, ಇದು ನಮ್ಮಪ್ಪ ಹೊಡದ ಬಂಡಿ ದಾರಿ’ ಎಂದು. ತಕರಾರಿಲ್ಲದ ಒಂದನ್ನು ಮೊದಲು ಹಿಡಿದರೆ ಸಾಕು. ಅಗಡಿಯ ಬಸ್‌ಸ್ಟಾಪಿನಲ್ಲಿ ಒಂದು ಫಲಕ: ಆನಂದವನಕ್ಕೆ ಇಷ್ಟು ದೂರ, ಹೊಲದ ದಾರಿಯಲ್ಲಿ ಮುಂದಿನ ಊರಿಗೆ ಇಷ್ಟು ದೂರ, ಅಲ್ಲಿಂದ ಹಾವೇರಿಗೆ ಕಡೆಯ ಬಸ್ಸು ಇಷ್ಟೊತ್ತಿಗೆ. ಮೋಟೆಬೆನ್ನೂರು, ಹೊಸರಿತ್ತಿ, ಚೌಡದಾನಪುರ, ಗಳಗನಾಥಗಳಲ್ಲಿ ಇಂಥದೇ ಒಂದೊಂದು. ಬರೆಯುವ ಕೆಲಸವನ್ನು ಆಯಾ ಊರಿನ ಹೈಸ್ಕೂಲಿನ ಮಕ್ಕಳಿಗೆ ಕೊಟ್ಟರೆ ಆ ದೂರವನ್ನು ಅಳೆಯಲು ಅವರು ಒಂದು ಸಲವಾದರೂ ದಾರಿಯುದ್ದಕ್ಕೂ ನಡೆಯುತ್ತಾರೆ.